ಕಡಲೆ ಸೊಪ್ಪು ಬರುವ ಮೂರು ವಾರ

ಕೊಪ್ಪಳದ ಪೇಟೆಗೆ ಕಡಲೆ ಸೊಪ್ಪು ಬರುವುದು ವರ್ಷಕ್ಕೆ ಹೆಚ್ಚೆಂದರೆ ಮೂರು ವಾರ. ಅಕ್ಟೋಬರಿನಲ್ಲಿ ಹಿಂಗಾರಿ ಮಳೆಯ ಹಸಿ ನೋಡಿ ಎರೆ ಹೊಲಕ್ಕೆ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ, ಬಿತ್ತಿದ ಕಡಲೆ ತಿಂಗಳು ಕಳೆದು ಗೇಣುದ್ದ ಬೆಳೆದಾಗ ಹೆಣ್ಣುಮಕ್ಕಳು ಸಾಲು ಹಿಡಿದು ಕುಡಿ ಚಿವುಟುತ್ತಾರೆ. ಕುಡಿ ಚಿವುಟಿದ ಗಿಡ ಅಡ್ಡಕ್ಕೆ ಹರಡಿ ಹೆಚ್ಚು ಕವಲೊಡೆಯುತ್ತದೆ, ಹೆಚ್ಚು ಕಾಯಿ ಕಟ್ಟುತ್ತದೆ. ಹೂ ಕಾಣಿಸಿಕೊಂಡ ಮೇಲೆ ಯಾರೂ ಆ ಗಿಡಕ್ಕೆ ಕೈ ಹಚ್ಚುವುದಿಲ್ಲ. ನಡುವಿನ ಆ ಕೆಲವೇ ದಿನ ಹೊಲದ ಲಾಭವೂ ಅಡುಗೆಮನೆಯ ಲಾಭವೂ ಒಂದೇ ಆಗಿರುತ್ತವೆ. ಅಳವಂಡಿ, ಕವಲೂರು ಕಡೆಯ ಬುಟ್ಟಿಗಳು ಬೆಳಗಿನ ಬಸ್ಸಿನಲ್ಲಿ ಊರಿಗೆ ಬರುತ್ತವೆ. ಅದೇ ಮಧ್ಯಾಹ್ನ ನಾನು ಊಟ ಮಾಡುವ ಖಾನಾವಳಿಯಲ್ಲಿ ಕಡಲೆ ಸೊಪ್ಪಿನ ಪಲ್ಯ ಇರುತ್ತದೆ. ನಾಲ್ಕನೆಯ ವಾರ ಕೇಳಿದರೆ ಅಲ್ಲಿನ ಅಕ್ಕ ಒಲೆಯ ಮುಂದಿನಿಂದ ತಲೆಯೆತ್ತದೆ ಹೇಳುತ್ತಾರೆ: "ಹೂ ಬಂತು ತಂಗೀ, ಮುಗಿಯಿತು. ಇನ್ನು ಮುಂದಿನ ವರ್ಷ."

ಈ "ಮುಗಿಯಿತು" ಎಂಬ ಉತ್ತರಕ್ಕಾಗಿಯೇ ನಾನು ಆ ಖಾನಾವಳಿಯನ್ನು ಇಷ್ಟಪಡುತ್ತೇನೆ. ಕೇಳಿದ್ದನ್ನೆಲ್ಲ ಕೊಡುವ ಹೋಟೆಲುಗಳು ಊರ ತುಂಬ ಇವೆ. ಇಲ್ಲದ್ದನ್ನು ಇಲ್ಲ ಎನ್ನುವ, ಇದ್ದದ್ದನ್ನು ಚೆನ್ನಾಗಿ ಮಾಡಿ ಬಡಿಸುವ ಜಾಗ ಕಡಿಮೆ.

ಜವಾಹರ ರಸ್ತೆಯ ಗದ್ದಲ ದಾಟಿ ಒಳಗಿನ ಓಣಿಯೊಂದಕ್ಕೆ ತಿರುಗಿದರೆ ಅದು ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಇಪ್ಪತ್ತು ಜನ ಕುಳಿತರೆ ಇಪ್ಪತ್ತೊಂದನೆಯವರು ಬಾಗಿಲಲ್ಲಿ ನಿಲ್ಲಬೇಕಾದಷ್ಟು ಚಿಕ್ಕ ಜಾಗ ಅದು. ಹಂಚು ಎರಡೇ, ರೊಟ್ಟಿ ಬಡಿಯುವವರೂ ಇಬ್ಬರೇ. ಮೊಬೈಲಿನಲ್ಲಿ ವಿಡಿಯೊ ನೋಡಿ ಜನ ಮುಗಿಬಿದ್ದ ಮೇಲೆ ಕೆಲವು ಖಾನಾವಳಿಗಳು ಹೇಗೆ ಬದಲಾದವು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲು ಬಿಸಿ ರೊಟ್ಟಿ ಹೋಗಿ ಪ್ಯಾಕೆಟ್ಟಿನ ಕಟಕ ರೊಟ್ಟಿ ಬಂತು, ಆಮೇಲೆ ಸೊಪ್ಪು ಹೋಗಿ ಆಲೂಗಡ್ಡೆ ಬಂತು, ಕೊನೆಗೆ ಬಡಿಸುವವರಿಗೆ ಉಣ್ಣುವವರ ಮುಖ ನೋಡಲು ಪುರುಸೊತ್ತು ಇಲ್ಲದಂತಾಯಿತು. ಇದಕ್ಕೆ ಹಾಗಾಗುವುದು ನನಗೆ ಬೇಡ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರವೆಂದ ಮೇಲೆ ಕಚೇರಿ, ಕೋರ್ಟು, ಕಾಲೇಜು, ಆಸ್ಪತ್ರೆಗಳ ಕೆಲಸಕ್ಕೆ ಹಳ್ಳಿಗಳಿಂದ ದಿನವೂ ಜನ ಬರುತ್ತಾರೆ. ಬಂದವರಿಗೆ ಮಧ್ಯಾಹ್ನ ರೊಟ್ಟಿಯೇ ಬೇಕು. ಕುಷ್ಟಗಿಯಿಂದ ಪಹಣಿ ತಿದ್ದುಪಡಿಗೆಂದು ಬಂದ ರೈತ, ಪೊಲೀಸ್ ಪರೀಕ್ಷೆಗೆ ಓದುತ್ತಾ ತಿಂಗಳ ಲೆಕ್ಕದಲ್ಲಿ ಉಣ್ಣುವ ಹುಡುಗರು, ಬಟ್ಟೆ ಅಂಗಡಿಯ ಕೆಲಸಗಾರರು, ನನ್ನಂಥ ಕಾಲೇಜು ಶಿಕ್ಷಕಿಯರು ಎಲ್ಲರೂ ಅಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತೇವೆ. ಹೆಂಗಸೊಬ್ಬಳು ಒಂಟಿಯಾಗಿ ಹೋಗಿ ನಿಶ್ಚಿಂತೆಯಿಂದ ಹೊಟ್ಟೆ ತುಂಬ ಉಣ್ಣಬಹುದಾದ ಖಾನಾವಳಿ ಅದು. ಸಣ್ಣ ಊರಿನಲ್ಲಿ ಇದು ಸಣ್ಣ ಮಾತಲ್ಲ. ಗಲ್ಲೆಯ ಮೇಲೆ ಅಕ್ಕನ ಯಜಮಾನರು ಇರುತ್ತಾರೆ, ಆದರೆ ಅಂದಿನ ಊಟ ಏನೆಂದು ತೀರ್ಮಾನಿಸುವವರು ಅಕ್ಕ.

ಆ ತೀರ್ಮಾನ ಆಗುವುದು ಬೆಳಗಿನ ತರಕಾರಿ ಮಾರುಕಟ್ಟೆಯಲ್ಲಿ. ಒಮ್ಮೆ ಅವರ ಜೊತೆ ಹೋಗಿದ್ದೆ. ಅವರು ದಲ್ಲಾಳಿಗಳ ಮೂಟೆಗಳ ಕಡೆ ತಿರುಗಿಯೂ ನೋಡಲಿಲ್ಲ. ಹಳ್ಳಿಯಿಂದ ಬುಟ್ಟಿ ಹೊತ್ತು ಬಂದು ನೆಲದ ಮೇಲೆ ಗೋಣಿತಟ್ಟು ಹಾಸಿ ಕುಳಿತವರ ಹತ್ತಿರ ಹೋದರು. ಮೆಂತ್ಯೆ ಸಿವುಡಿನ ಬೇರು ಹಿಡಿದು ಮಣ್ಣು ಹಸಿಯಾಗಿದೆಯೇ ಎಂದು ನೋಡಿದರು. ಬದನೆಕಾಯಿಯ ತೊಟ್ಟಿನ ಮುಳ್ಳನ್ನು ಬೆರಳಿನಿಂದ ಒತ್ತಿದರು. ಮುಳ್ಳು ಚುಚ್ಚಿದರೆ ಕಾಯಿ ಆ ದಿನದ್ದು, ಬಾಗಿದರೆ ನಿನ್ನೆಯದು. ಕಡಲೆ ಸೊಪ್ಪಿನವಳ ಮುಂದೆ ಕುಳಿತಾಗ ಅವರು ಕೇಳಿದ ಮೊದಲ ಪ್ರಶ್ನೆ ದರದ್ದಲ್ಲ. "ಎಣ್ಣೆ ಹೊಡೆದಿದ್ದೀರೇನವ್ವಾ?" ಕೀಟನಾಶಕ ಸಿಂಪಡಿಸುವುದಕ್ಕೆ ನಮ್ಮ ಕಡೆ ಎಣ್ಣೆ ಹೊಡೆಯುವುದು ಎನ್ನುತ್ತಾರೆ. ಕಾಯಿಕೊರಕ ಹುಳುವಿಗೆ ಹೆದರಿ ಹೂವಿನ ಹಂತದಿಂದ ಎಣ್ಣೆ ಹೊಡೆಯುವುದು ವಾಡಿಕೆ, ಈಗೀಗ ಕೆಲವರು ಅದಕ್ಕೂ ಮೊದಲೇ ಶುರುಮಾಡುತ್ತಾರೆ. "ಇನ್ನೂ ಇಲ್ಲವ್ವಾ, ಮುಂದಿನ ವಾರ" ಎಂದಳು ಆಕೆ. ಅಕ್ಕ ಇಡೀ ಬುಟ್ಟಿ ಕೊಂಡರು.

ಆ ಪ್ರಶ್ನೆಗೆ ಒಂದು ಕಾರಣವಿದೆ. ಕಡಲೆ ಸೊಪ್ಪನ್ನು ತೊಳೆದರೆ ರುಚಿ ಹೋಗುತ್ತದೆ. ಗಿಡದ ಎಲೆ, ಕಾಂಡದ ಮೇಲಿನ ನವಿರಾದ ರೋಮಗಳು ಹುಳಿ ಒಸರುತ್ತವೆ. ಅದರಲ್ಲಿರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಬೆಳಗಿನ ಹೊತ್ತು ಕಡಲೆ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕಣಕಾಲು ಚುರುಗುಟ್ಟುತ್ತದೆ. ಹಿಂದೆ ಹಿರಿಯರು ಚಳಿಗಾಲದ ನಸುಕಿನಲ್ಲಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯ ಜೊತೆ ಆ ಹುಳಿಯನ್ನೂ ಹೀರಿಸಿ, ಹಿಂಡಿ ಸೀಸೆಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ ಅದೇ ಮದ್ದು. ಸೊಪ್ಪನ್ನು ತಿಕ್ಕಿ ತೊಳೆದರೆ ಆ ಹುಳಿಯೆಲ್ಲ ನೀರಿಗೆ ಹೋಗಿ, ಉಳಿಯುವುದು ಬರೀ ಹಸಿರು. ಆದ್ದರಿಂದ ಎಣ್ಣೆ ಬೀಳದ ಸೊಪ್ಪೇ ಬೇಕು. ಅಕ್ಕ ಅದನ್ನು ಜಾಡಿಸಿ, ಬಲಿತ ಕಡ್ಡಿ ತೆಗೆದು, ಒಂದು ಹಿಡಿ ತೊಗರಿಬೇಳೆಯ ಜೊತೆ ಬೇಯಿಸುತ್ತಾರೆ. ಬೆಂದದ್ದನ್ನು ಕಡೆಗೋಲಿನಿಂದ ಮಸೆದು, ಜೋಳದ ನುಚ್ಚು ಹಾಕಿ ಮತ್ತೆ ಕುದಿಸುತ್ತಾರೆ. ಒಗ್ಗರಣೆಗೆ ಶೇಂಗಾ ಎಣ್ಣೆ, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಹುಣಸೆ ಇಲ್ಲ, ಟೊಮೆಟೊ ಇಲ್ಲ. ಮೊದಲ ತುತ್ತಿಗೆ ನಾಲಿಗೆಯ ಎರಡೂ ಬದಿ ಜುಮ್ಮೆನ್ನುತ್ತದೆ. ಅದು ಮಾವಿನಕಾಯಿಯ ಹುಳಿಯೂ ಅಲ್ಲ, ಪುಂಡಿಯ ಹುಳಿಯೂ ಅಲ್ಲ, ಸ್ವಲ್ಪ ಉಪ್ಪು ಬೆರೆತ ಬೇರೆಯೇ ಹುಳಿ. ಸೊಪ್ಪು ಒಣಗಿಸಿಟ್ಟು ಬೇಸಿಗೆಯಲ್ಲಿ ಮಾಡುವವರೂ ಇದ್ದಾರೆ, ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಈ ಹಸಿ ಸೊಪ್ಪಿನ ಮುಂದೆ ಅದು ನೆನಪಷ್ಟೇ.

ರೊಟ್ಟಿಯ ಬಗ್ಗೆ ಹೇಳದಿದ್ದರೆ ಈ ಊಟದ ಅರ್ಧ ಹೇಳಿದಂತೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಎಳೆಯಾಗಿ ಹಿಡಿದುಕೊಳ್ಳುವ ಗ್ಲುಟೆನ್ ಇಲ್ಲ. ಅದನ್ನು ಒಂದುಗೂಡಿಸುವುದು ಕುದಿಯುವ ಎಸರು. ರಾಶಿ ಹಾಕಿದ ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದಾಗ ಹಿಟ್ಟಿನಲ್ಲಿರುವ ಪಿಷ್ಟ ಬೆಂದು ಅಂಟಾಗುತ್ತದೆ. ಆ ಅಂಟಿನ ಬಲದ ಮೇಲೆಯೇ ಅಷ್ಟು ತೆಳ್ಳಗಿನ ರೊಟ್ಟಿ ನಿಲ್ಲುತ್ತದೆ. ಹಿಟ್ಟು ಹಳೆಯದಾದಷ್ಟೂ ಜಿಗುಟು ಕಡಿಮೆ, ಜೊತೆಗೆ ಜೋಳದ ಮೊಳಕೆಯ ಭಾಗದಲ್ಲಿರುವ ಕೊಬ್ಬು ಕೆಟ್ಟು ಕಹಿ ಬರುತ್ತದೆ. ಹಾಗಾಗಿ ಗಿರಣಿಗೆ ಅವರ ಡಬ್ಬಿ ಎರಡು ದಿನಕ್ಕೊಮ್ಮೆ ಹೋಗುತ್ತದೆ, ದೊಡ್ಡ ಮೂಟೆ ಬೀಸಿಟ್ಟುಕೊಳ್ಳುವುದಿಲ್ಲ.

ರೊಟ್ಟಿ ಬಡಿಯುವ ಇಬ್ಬರೂ ಭಾಗ್ಯನಗರದ ಕಡೆಯಿಂದ ಬರುತ್ತಾರೆ. ಅವರಲ್ಲಿ ಹಿರಿಯಳ ಕೈ ನೋಡುತ್ತಾ ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ತಿರುವಿ ಅಂಚನ್ನು ಗುಂಡಗೆ ಮಾಡುತ್ತಾಳೆ. ಒಣ ಹಿಟ್ಟು ಉದುರಿಸಿ, ಬಲಗೈಯಲ್ಲಿ ಬಡಿಯುತ್ತಾ ಎಡಗೈ ಬೆರಳಿನ ತುದಿಯಿಂದ ಅಂಚನ್ನು ಕಾಯುತ್ತಾಳೆ. ಪ್ರತಿ ಬಡಿತಕ್ಕೂ ರೊಟ್ಟಿ ತಾನೇ ಒಂದಿಷ್ಟು ತಿರುಗುತ್ತದೆ. ಅದನ್ನು ತಿರುಗಿಸುವುದು ಬಡಿತದ ಓರೆಯೇ ಹೊರತು ಕೈ ಅಲ್ಲ. ಅಂಚು ಬಿರುಕು ಬಿಟ್ಟಿತೆಂದರೆ ಹೆಬ್ಬೆರಳಿನಲ್ಲಿ ಒತ್ತಿ ಮುಚ್ಚುತ್ತಾಳೆ. ಎರಡೂ ಅಂಗೈ ಮೇಲೆ ಎತ್ತಿಕೊಂಡು ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲ್ಭಾಗಕ್ಕೆ ನೀರು ಸವರುತ್ತಾಳೆ. ಆ ನೀರು ಆರುವ ಮುಂಚೆ ಮಗುಚಿದರೆ ರೊಟ್ಟಿ ಹಂಚಿಗೆ ಹತ್ತುತ್ತದೆ, ಪೂರ್ತಿ ಆರಿದ ಮೇಲೆ ಮಗುಚಿದರೆ ಸೀಳುತ್ತದೆ. ಎರಡರ ನಡುವಿನ ಆ ಕ್ಷಣವನ್ನು ಅವಳು ಬಣ್ಣ ನೋಡಿ ಹಿಡಿಯುತ್ತಾಳೆ. ಮಗುಚಿ, ಬೆಂಕಿಗೆ ಆನಿಸಿದಾಗ ರೊಟ್ಟಿ ಒಂದು ಬದಿಯಿಂದ ಉಬ್ಬುತ್ತಾ ಬಂದು ಪೂರ್ತಿ ತುಂಬಿಕೊಳ್ಳುತ್ತದೆ. ಅಲ್ಲಿಂದ ತಟ್ಟೆಗೆ ನಾಲ್ಕು ಹೆಜ್ಜೆ. ಬೆಣ್ಣೆಯ ಉಂಡೆ ಇಟ್ಟರೆ ಅದು ಕರಗಿ ಹರಿಯುವಷ್ಟರಲ್ಲಿ ಮೊದಲ ಚೂರು ಮುರಿದಿರಬೇಕು.

ಜೋಳ ಯಾವುದು ಎಂದು ಕೇಳಿದರೆ ಅಕ್ಕ "ಹಿಂಗಾರಿ ಬಿಳಿಜೋಳ, ಎರೆ ಹೊಲದ್ದು" ಎಂದಷ್ಟೇ ಹೇಳುತ್ತಾರೆ. ನಮ್ಮ ಸೀಮೆಯ ಎರೆ ಹೊಲಗಳಲ್ಲಿ ಇಂದಿಗೂ ನೆಚ್ಚಿಕೊಂಡಿರುವ ತಳಿ ಮಾಲ್ದಂಡಿ, ಅಂದರೆ ಎಂ 35-1. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ಕೆ ಮಾಡಿದ ತಳಿ ಅದು. ಹೆಚ್ಚು ಇಳುವರಿಯ ಎಷ್ಟೋ ಹೈಬ್ರಿಡ್‌ಗಳು ಬಂದರೂ ರೊಟ್ಟಿಯ ರುಚಿ, ದನಕ್ಕೆ ಹಾಕುವ ಕಣಿಕೆಯ ಗುಣ ಎರಡರಲ್ಲೂ ಅದನ್ನು ಮೀರಿಸಲಾಗಲಿಲ್ಲವೆಂದು ರೈತರು ಅದನ್ನು ಬಿಟ್ಟಿಲ್ಲ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದರೆ ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಪ್ಪು ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆ ಫೆಬ್ರವರಿ–ಮಾರ್ಚಿನ ತನಕ ಬದುಕುತ್ತದೆ.

ಆ ತಟ್ಟೆಯಲ್ಲಿ ರೊಟ್ಟಿಯ ಭಾಗ ಮಳೆಯದು, ಕೊನೆಗೆ ಬಡಿಸುವ ಅನ್ನದ ಭಾಗ ನದಿಯದು. ಕೊಪ್ಪಳ ಜಿಲ್ಲೆಯೇ ಹಾಗೆ ಎರಡು ಪಾಲಾಗಿದೆ. ಪಶ್ಚಿಮಕ್ಕೆ ಮುಗಿಲು ನೋಡಿ ಬಿತ್ತುವ ಹೊಲಗಳು, ಪೂರ್ವಕ್ಕೆ ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ಊಟ ಮಾಡುವಾಗ ಇದು ಮನಸ್ಸಿಗೆ ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದ ವಾರ ಮಾತ್ರ ಎಲ್ಲರ ಮನಸ್ಸಿಗೂ ಬಂತು. ಅಣೆಕಟ್ಟಿನ ಬದಿಯ ಮುನಿರಾಬಾದ್ ಇಲ್ಲಿಂದ ದೂರವೇನಲ್ಲ. ಹತ್ತಾರು ಟಿಎಂಸಿ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು, ಖಾನಾವಳಿಯಲ್ಲಿ ಬೇರೆ ಮಾತೇ ಇರಲಿಲ್ಲ. ಸಸಿ ನಾಟಿ ಮುಗಿಸಿ ಬಂದಿದ್ದ ಕಾರಟಗಿಯ ಹಿರಿಯರೊಬ್ಬರು ಅನ್ನ ಕಲಸಿಕೊಂಡು ಹಾಗೆಯೇ ಕುಳಿತಿದ್ದರು. ಅಕ್ಕ ಅವರ ಬಳಿ ನಿಂತು "ಉಣ್ಣಿರಿ ಅಣ್ಣಾ, ಗೇಟು ಕೂರಿಸುತ್ತಾರೆ" ಎಂದರು. ಹರಿಯುವ ನೀರಿನ ನಡುವೆಯೇ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತಾಗ ಆ ಓಣಿಯಲ್ಲಿ ನಿಟ್ಟುಸಿರು ಬಿಡದವರಿರಲಿಲ್ಲ.

ಚಳಿಗಾಲ ಈ ಖಾನಾವಳಿಯ ಸುಗ್ಗಿ. ಕಡಲೆ ಸೊಪ್ಪಿನ ಹಿಂದೆಯೇ ಎಳೆ ಕುಸುಬಿ ಸೊಪ್ಪು, ಹಕ್ಕರಕಿ, ಹಸಿ ತೊಗರಿಕಾಯಿ ಸಾಲಾಗಿ ಬರುತ್ತವೆ. ಹಕ್ಕರಕಿಯನ್ನು ಬೇಯಿಸುವುದಿಲ್ಲ, ರೊಟ್ಟಿಯ ಜೊತೆ ಹಸಿಯಾಗಿಯೇ, ಹಸಿ ಉಳ್ಳಾಗಡ್ಡಿ, ಮೂಲಂಗಿಯ ಪಕ್ಕದಲ್ಲಿ ಇಡುತ್ತಾರೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಆ ಎಲೆಯ ಸಣ್ಣ ಕಹಿ ಗುರೆಳ್ಳು ಚಟ್ನಿಯ ಎಣ್ಣೆಯಂಶಕ್ಕೆ ಚೆನ್ನಾಗಿ ಹೊಂದುತ್ತದೆ. ಕೆಂಪಗೆ ಹಣ್ಣಾದ ಮೆಣಸಿನಕಾಯಿ ಬಂದ ಕೂಡಲೇ ಬೆಳ್ಳುಳ್ಳಿ, ಉಪ್ಪು, ಲಿಂಬೆಹುಳಿ ಹಾಕಿ ರುಬ್ಬಿದ ರಂಜಕ ಭರಣಿ ಸೇರುತ್ತದೆ. ಅದಕ್ಕೆ ಹಸಿ ಶೇಂಗಾ ಎಣ್ಣೆ ಹಾಕಿಕೊಂಡು ರೊಟ್ಟಿ ಅದ್ದಿದರೆ ಕಣ್ಣಲ್ಲಿ ನೀರು ಬರುತ್ತದೆ, ಆದರೂ ಕೈ ನಿಲ್ಲುವುದಿಲ್ಲ.

ಎಳ್ಳಮಾವಾಸ್ಯೆಯ ದಿನ ಖಾನಾವಳಿ ಮುಚ್ಚಿರುತ್ತದೆ, ಅಕ್ಕ ತವರಿನ ಹೊಲಕ್ಕೆ ಚರಗ ಚೆಲ್ಲಲು ಹೋಗಿರುತ್ತಾರೆ. ಬೆಳೆದು ನಿಂತ ಪೈರಿನ ನಡುವೆ ಭೂಮಿತಾಯಿಗೆ ಎಡೆ ಮಾಡಿ, ಎಡೆಯ ತಿನಿಸನ್ನೇ ಚರಗವೆಂದು ನಾಲ್ಕೂ ದಿಕ್ಕಿಗೆ ಚೆಲ್ಲಿ, ಆಮೇಲೆ ಹೊಲದಲ್ಲೇ ಎಲ್ಲರೂ ಕುಳಿತು ಉಣ್ಣುವ ಹಬ್ಬ ಅದು. ಮರುದಿನ ಬರುವ ನಮಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹಿಂದಿನ ದಿನದ ಪುಂಡಿಪಲ್ಯ ಸಿಗುತ್ತವೆ. ಪುಂಡಿ ಒಂದು ರಾತ್ರಿ ಕಳೆದ ಮೇಲೆಯೇ ರುಚಿ.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಆ ದಿನಗಳಲ್ಲಿ ಕೊಪ್ಪಳದಲ್ಲಿ ಯಾರೂ ಊಟಕ್ಕೆ ಹಣ ಕೊಡಬೇಕಾಗಿಲ್ಲ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ವಾರಗಟ್ಟಲೆ ಮೊದಲೇ ರೊಟ್ಟಿ ಬಡಿದು, ಒಣಗಿಸಿ, ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಮೆರವಣಿಗೆ ಮಾಡಿ ಗವಿಮಠಕ್ಕೆ ತರುತ್ತಾರೆ. ಲಕ್ಷಗಟ್ಟಲೆ ರೊಟ್ಟಿ ಗೋಡೆ ಕಟ್ಟಿದ ಹಾಗೆ ದಾಸೋಹದ ಮನೆಯಲ್ಲಿ ಏರುವುದನ್ನು ನೋಡಿದವರು ಮರೆಯಲಾರರು. ಒಂದೊಂದೂ ಯಾವುದೋ ಮನೆಯ ಯಾವುದೋ ಕೈ ಬಡಿದದ್ದು. ನಮ್ಮ ಖಾನಾವಳಿಯ ಹಂಚುಗಳೂ ಜಾತ್ರೆಯ ಹಿಂದಿನ ವಾರ ಸಂಜೆ ಹೊತ್ತು ಮಠದ ರೊಟ್ಟಿಗೆಂದೇ ಉರಿಯುತ್ತವೆ. ಅದಕ್ಕೆ ಬೇಕಾದ ಜೋಳವನ್ನು ತಿಂಗಳ ಲೆಕ್ಕದ ಹುಡುಗರೂ ತಮ್ಮ ಊರುಗಳಿಂದ ಚೀಲದಲ್ಲಿ ತಂದುಕೊಡುತ್ತಾರೆ. ಅದೇ ಹೊತ್ತಿಗೆ ಹೊಲಗಳಲ್ಲಿ ಸೀತನಿಯೂ ಬಂದಿರುತ್ತದೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಬಡಿದು ಉದುರಿಸಿದ ಹಸಿರು ಕಾಳು. ಖಾನಾವಳಿಗೆ ಅದು ಮಾರಾಟಕ್ಕೆ ಬರುವುದಿಲ್ಲ. ಯಾರಾದರೂ ರೈತರು ತಂದರೆ ಅಕ್ಕ ಬೆಲ್ಲದ ಚೂರಿನ ಜೊತೆ ಎಲ್ಲರ ತಟ್ಟೆಗೂ ಒಂದೊಂದು ಹಿಡಿ ಹಾಕುತ್ತಾರೆ, ಅದಕ್ಕೆ ಲೆಕ್ಕವಿಲ್ಲ.

ಬೇಸಿಗೆ ಬಂದರೆ ತಟ್ಟೆ ಬಡವಾಗುತ್ತದೆ ಎಂದುಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಏಪ್ರಿಲಿನಲ್ಲಿ ಸೊಪ್ಪು ಬಾಡಿರುತ್ತದೆ, ಬಂದರೂ ಎಲೆ ದಪ್ಪ, ರುಚಿ ಒಗರು. ಆಗ ಅಕ್ಕ ಸೊಪ್ಪನ್ನು ಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಮಡಕಿ ಕಾಳು, ಹೆಸರು ಕಾಳು ಮೊಳಕೆ ಕಟ್ಟಿ ಪಲ್ಯ ಮಾಡುತ್ತಾರೆ. ಮಾವಿನಕಾಯಿ ತುರಿದು ಉಳ್ಳಾಗಡ್ಡಿ, ಒಣಮೆಣಸಿನಕಾಯಿ, ಬೆಲ್ಲ ಹಾಕಿ ರುಬ್ಬಿದ ಚಟ್ನಿ ದಿನವೂ ಇರುತ್ತದೆ. ಎಲ್ಲಕ್ಕಿಂತ ಮೇಲೆ ನುಚ್ಚು ಮಜ್ಜಿಗೆ. ಜೋಳದ ನುಚ್ಚನ್ನು ರಾತ್ರಿಯೇ ಮೆತ್ತಗೆ ಬೇಯಿಸಿ ಆರಲು ಬಿಟ್ಟು, ಮರುದಿನ ಮಣ್ಣಿನ ಮಡಕೆಯಲ್ಲಿ ಮಜ್ಜಿಗೆಯೊಂದಿಗೆ ಕಲಸಿ, ಹಸಿ ಉಳ್ಳಾಗಡ್ಡಿ ನಂಜಿಕೊಳ್ಳಲು ಕೊಡುತ್ತಾರೆ. ಬಿಸಿಲು ನಲವತ್ತರ ಗಡಿಯಲ್ಲಿರುವ ಮಧ್ಯಾಹ್ನ ರೊಟ್ಟಿಗಿಂತ ಮೊದಲು ಅದನ್ನೇ ಕೇಳುವವರು ಹೆಚ್ಚು. ಮೇ ತಿಂಗಳಲ್ಲಿ ತೋಟಗಾರಿಕೆ ಇಲಾಖೆ ಇಲ್ಲಿ ಮಾವು ಮೇಳ ನಡೆಸುತ್ತದೆ. ಕೊಪ್ಪಳದ ಕೇಸರ್ ಮಾವು ಈಗ ಹೊರಗಿನ ಪೇಟೆಗಳಲ್ಲೂ ಹೆಸರು ಮಾಡಿದೆ. ಮೇಳದ ಹಣ್ಣು ಕೊಂಡು ತಂದು ಅಕ್ಕ ಸೀಕರಣೆ ಮಾಡುವ ದಿನ, ಉಂಡು ಎದ್ದವರು ಮತ್ತೆ ಕುಳಿತದ್ದನ್ನು ನೋಡಿದ್ದೇನೆ.

ನಿಜವಾಗಿ ಕಷ್ಟದ ಕಾಲ ಜೂನ್, ಜುಲೈ. ಬೇಸಿಗೆಯ ತರಕಾರಿ ಮುಗಿದು ಮಳೆಗಾಲದ್ದು ಇನ್ನೂ ಕೈಗೆ ಬಂದಿರುವುದಿಲ್ಲ, ಎಲ್ಲದರ ಬೆಲೆ ಏರಿರುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ದೊಡ್ಡ ಹೋಟೆಲುಗಳು ಒದ್ದಾಡಿದವು. ಅವುಗಳ ಅರ್ಧ ಪದಾರ್ಥಗಳು ನಿಂತಿರುವುದೇ ಟೊಮೆಟೊ–ಈರುಳ್ಳಿಯ ಒಂದೇ ಮಸಾಲೆಯ ಮೇಲೆ. ನಮ್ಮ ಖಾನಾವಳಿಯಲ್ಲಿ ಟೊಮೆಟೊ ಇಲ್ಲವಾದದ್ದು ಬಹಳ ಜನರ ಗಮನಕ್ಕೇ ಬರಲಿಲ್ಲ. ಹುಣಸೆಹುಳಿ ಇತ್ತು, ಜುಣಕ ಇತ್ತು, ಕಾಳಿನ ಪಲ್ಯ ಇತ್ತು, ಅಗಸೆ ಹಿಂಡಿ (ಅಗಸೆಯ ಚಟ್ನಿಪುಡಿ) ಮತ್ತು ಮೊಸರು ಇತ್ತು. ಕಡಲೆಹಿಟ್ಟಿನ ಜುಣಕವನ್ನು ನಮ್ಮ ಕಡೆ ಬಡವರ ಪಲ್ಯ ಎಂದು ತಳ್ಳಿಹಾಕುವವರಿದ್ದಾರೆ. ಅಕ್ಕ ಮಾಡಿದ್ದನ್ನು ಅವರು ತಿನ್ನಬೇಕು: ಬೆಳ್ಳುಳ್ಳಿ ಕೆಂಪಾಗುವ ತನಕ ಕಾದು, ಹಿಟ್ಟನ್ನು ಗಂಟಾಗದಂತೆ ಸುರಿದು, ಮುಚ್ಚಳ ಮುಚ್ಚಿ ತಳ ಹಿಡಿಯುವಷ್ಟು ಬೇಯಿಸಿ, ಆ ತಳದ ಚಕ್ಕೆಯನ್ನೂ ಕೆರೆದು ಬಡಿಸುತ್ತಾರೆ. ಆಗಸ್ಟಿನಲ್ಲಿ ಹೊಸ ಹೆಸರು ಬಂದರೆ, ಅದರ ಬೆನ್ನಿಗೆ ಹಸಿ ಶೇಂಗಾ ಬಂದರೆ ಕಷ್ಟ ಕಳೆಯಿತೆಂದು ಲೆಕ್ಕ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಜೋಳ, ಸಜ್ಜೆಗಳ ಹೆಸರಿನಲ್ಲಿ ಏನೇನೋ ತಿನಿಸು ಬಂದವು, ಆಯಾ ಋತುವಿನ ಊಟ ಎಂಬ ಫಲಕಗಳೂ ಬಂದವು. ಅದು ಒಳ್ಳೆಯದೇ. ನಮ್ಮ ಜೋಳಕ್ಕೆ ನಾಲ್ಕು ಜನ ಹೆಚ್ಚು ಗಿರಾಕಿಗಳು ಸಿಕ್ಕರೆ ಬೆಳೆಯುವವರಿಗೆ ಅನುಕೂಲ. ಆದರೆ ಆ ಊಟ ಉಳ್ಳವರ ಹವ್ಯಾಸವಾಗಿ ಮಾತ್ರ ಉಳಿಯುವುದು ನನಗೆ ಒಪ್ಪಿಗೆಯಿಲ್ಲ. ಪಹಣಿಗೆ ಬಂದ ರೈತನೂ ಓದುವ ಹುಡುಗನೂ ನೂರು ರೂಪಾಯಿಯೊಳಗೆ ಆ ದಿನದ ಸೊಪ್ಪು, ಆ ದಿನದ ರೊಟ್ಟಿ ಉಣ್ಣುತ್ತಿದ್ದಾರೆ ಎಂಬುದೇ ಈ ಖಾನಾವಳಿಯ ದೊಡ್ಡತನ. ಅದಕ್ಕೆ ಬೇಕಾದದ್ದು ಬಂಡವಾಳವಲ್ಲ, ಬೆಳಗಿನ ಮಾರುಕಟ್ಟೆಯಲ್ಲಿ ಬೇರು ಹಿಡಿದು ನೋಡುವ ಕಣ್ಣು, ಸಿಗದಿದ್ದರೆ ಇಲ್ಲ ಎನ್ನುವ ಧೈರ್ಯ.

ಈ ಅಗ್ಗದ ದರದ ಭಾರ ಯಾರ ಹೆಗಲ ಮೇಲಿದೆ ಎಂಬುದು ಮಾತ್ರ ನನ್ನನ್ನು ಕಾಡುತ್ತದೆ. ಬೆಳಿಗ್ಗೆ ಹತ್ತರಿಂದ ಮೂರರ ತನಕ ಬೆಂಕಿಯ ಮುಂದೆ ಕುಳಿತು ಬಡಿಯುವ ಕೆಲಸ ಅದು. ಹಿರಿಯಳಿಗೆ ಬಲ ಭುಜ ಮೇಲೆ ಎತ್ತಲು ಬಾರದು. ತಲೆಗೂದಲು ಬಾಚಲು ಮಗಳು ಬೇಕು. ಹೊಸಬರು ಈ ಕೆಲಸಕ್ಕೆ ಬರುತ್ತಿಲ್ಲ, ಬರದಿರುವುದು ತಪ್ಪೆಂದು ನಾನು ಹೇಳಲಾರೆ. ರೊಟ್ಟಿ ಮಾಡುವ ಯಂತ್ರಗಳು ಬಂದಿವೆ. ಸ್ತ್ರೀಶಕ್ತಿ ಸಂಘಗಳ ಎಷ್ಟೋ ಹೆಣ್ಣುಮಕ್ಕಳು ಅವುಗಳಿಂದ ಕಟಕ ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುತ್ತಿದ್ದಾರೆ, ಆ ರೊಟ್ಟಿಯನ್ನು ನಾನೂ ಮನೆಗೆ ಕೊಳ್ಳುತ್ತೇನೆ. ಬಿಸಿ ರೊಟ್ಟಿಗೆ ಮಾತ್ರ ಕೈಯೇ ಬೇಕು. ಹಾಗಿದ್ದ ಮೇಲೆ ಆ ಕೈಗೆ ತಕ್ಕ ಕೂಲಿಯೂ ಬೇಕು. ಊಟಕ್ಕೆ ಹತ್ತು ರೂಪಾಯಿ ಹೆಚ್ಚು ಮಾಡಿ, ಆ ಹತ್ತನ್ನು ಅವರಿಬ್ಬರಿಗೇ ಕೊಡಿ ಎಂದು ಅಕ್ಕನಿಗೆ ಹೇಳಿದೆ. "ತಿಂಗಳ ಹುಡುಗರು ಎಲ್ಲಿಂದ ತರುತ್ತಾರೆ ತಂಗೀ?" ಎಂದರು. ಹುಡುಗರಿಗೆ ಹಳೆಯ ದರ ಇರಲಿ, ಸಂಬಳದವರಿಗೆ ಹೊಸ ದರ ಮಾಡಿ ಎಂದೆ. ಈ ಯುಗಾದಿಯಿಂದ ಹಾಗೆಯೇ ಆಗಿದೆ. ಗಲ್ಲೆಯ ಪಕ್ಕ ಒಂದು ಸ್ಟೀಲ್ ಡಬ್ಬಿ ಇದೆ, ಸಂಬಳದವರು ಹತ್ತರ ನೋಟನ್ನು ಅದರಲ್ಲಿ ಹಾಕುತ್ತಾರೆ. ಕೆಲವರು ಇಪ್ಪತ್ತು ಹಾಕುವುದನ್ನೂ ನೋಡಿದ್ದೇನೆ. ಕಳೆದ ತಿಂಗಳಿಂದ ಮಧ್ಯಾಹ್ನ ಒಂದು ಗಂಟೆಯ ನಂತರ ಬಡಿಯಲು ಮೂರನೆಯವಳೊಬ್ಬಳು ಬರುತ್ತಿದ್ದಾಳೆ, ಹಿರಿಯಳು ಆ ಹೊತ್ತಿಗೆ ಎದ್ದು ಸೊಪ್ಪು ಸೋಸುತ್ತಾಳೆ.

ಇನ್ನೊಂದು ಆತಂಕ ನಮ್ಮ ಕೈಮೀರಿದ್ದು. ಗಿಣಿಗೇರಾ ಸುತ್ತಿನ ಹಳ್ಳಿಗಳಿಂದ ಬರುವ ಸೊಪ್ಪನ್ನು ಅಕ್ಕ ಈಗ ಕೊಳ್ಳುವುದಿಲ್ಲ. ಕಾರ್ಖಾನೆಗಳ ಕಪ್ಪು ಬೂದಿ ಎಲೆಯ ಮೇಲೆ ಕೂತಿರುತ್ತದೆ, ತೊಳೆದರೂ ಬೆರಳಿಗೆ ಹತ್ತುತ್ತದೆ. ಆ ಸೊಪ್ಪು ಬೆಳೆದವರ ತಪ್ಪೇನೂ ಇಲ್ಲ. ಊರಿನ ಪಕ್ಕಕ್ಕೆ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ಆದಾಗ ಖಾನಾವಳಿಯ ಬಾಗಿಲೂ ಮುಚ್ಚಿತ್ತು, ಅಕ್ಕ ಮೆರವಣಿಗೆಯಲ್ಲಿದ್ದರು. ಸೊಪ್ಪು ಮಾರುವ ಹೆಣ್ಣುಮಕ್ಕಳೂ ಇದ್ದರು. ಉದ್ಯೋಗದ ಪ್ರಶ್ನೆ ದೊಡ್ಡದು ಎಂಬುದು ನನಗೆ ಗೊತ್ತು. ಕಡಲೆ ಸೊಪ್ಪನ್ನು ತೊಳೆಯದೆ ಬೇಯಿಸಬಲ್ಲ ಹೊಲ ಉಳಿಯಬೇಕು ಎಂಬುದೂ ಸಣ್ಣ ಪ್ರಶ್ನೆಯಲ್ಲ.

ಇಂಥ ಖಾನಾವಳಿ ಕೊಪ್ಪಳಕ್ಕೆ ಮಾತ್ರ ಸೇರಿದ್ದಲ್ಲ. ಬಳ್ಳಾರಿ, ರಾಯಚೂರು, ಗಂಗಾವತಿ, ಸಿಂಧನೂರು ಎಲ್ಲ ಕಡೆಯೂ ಒಂದೆರಡು ಉಳಿದಿವೆ. ಹುಡುಕುವವರು ಫಲಕ ನೋಡಬೇಡಿ. ಒಳಗೆ ಕಾಲಿಡುವಾಗ ರೊಟ್ಟಿ ಬಡಿಯುವ ಸದ್ದು ಕೇಳಬೇಕು. ಇವತ್ತು ಯಾವ ಸೊಪ್ಪು ಎಂದು ಕೇಳಿದರೆ ಒಂದೇ ಹೆಸರು ಹೇಳಬೇಕು. ನಾಲ್ಕು ಹೆಸರು ಹೇಳಿದರೆ ಅದರಲ್ಲಿ ಮೂರು ನಿನ್ನೆಯವು. ನಿಮ್ಮ ಪಕ್ಕದಲ್ಲಿ ಕುಳಿತವರು ಹಳ್ಳಿಯಿಂದ ಕಚೇರಿ ಕೆಲಸಕ್ಕೆ ಬಂದವರಾಗಿದ್ದರೆ ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ, ಏಕೆಂದರೆ ಮನೆಯಲ್ಲಿ ಒಳ್ಳೆಯ ರೊಟ್ಟಿ ಉಣ್ಣುವವರು ಹೊರಗೆ ಕೆಟ್ಟದ್ದನ್ನು ಎರಡನೆಯ ಸಲ ಉಣ್ಣುವುದಿಲ್ಲ. ಒಂದೂವರೆಯೊಳಗೆ ಹೋಗಿ, ಎರಡೂವರೆಗೆ ಪಲ್ಯ ತಳ ಕಂಡಿರುತ್ತದೆ. ಕಡಲೆ ಸೊಪ್ಪು ಬೇಕಿದ್ದವರು ನವೆಂಬರ್ ಕೊನೆಗೆ ಬನ್ನಿ. ಈ ವರ್ಷ ಹಿಂಗಾರಿ ಮಳೆ ತಡವಾಗಿ ಬಿತ್ತನೆ ಹಿಂದೆ ಬಿದ್ದಿದೆ, ಆದ್ದರಿಂದ ಡಿಸೆಂಬರ್ ಮೊದಲ ವಾರದ ತನಕವೂ ಸಿಗುತ್ತದೆ ಎಂದು ಅಕ್ಕ ನಿನ್ನೆ ಹೇಳಿದರು.